ಹನಿ ಬಿದ್ದಲ್ಲೇ ತೂತಿರುವುದಿಲ್ಲ: ಹಳೆಯ ಐಷಾರಾಮಿ ಕಾರಿನ ಸೋರಿಕೆಗಳು

ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಗೊತ್ತು: ಹನಿ ನಡುಮನೆಯಲ್ಲಿ ಬೀಳುತ್ತದೆ, ಒಡೆದ ಹೆಂಚು ಎರಡು ಮಾರು ಆಚೆ ಇರುತ್ತದೆ. ನೀರು ರೀಪಿನ ಗುಂಟ ಹರಿದು ತನಗೆ ಬೇಕಾದಲ್ಲಿ ಇಳಿಯುತ್ತದೆ. ಹದಿನೈದು ಇಪ್ಪತ್ತು ವರ್ಷ ಓಡಿದ ಐಷಾರಾಮಿ ಕಾರಿನ ಅಡಿಯ ಕಲೆಗಳನ್ನೂ ಹೀಗೆಯೇ ಓದಬೇಕು. ನೆಲದಲ್ಲಿ ನಾಲ್ಕು ಕಲೆ ಕಂಡರೆ ನಾಲ್ಕು ರೋಗ ಎಂದಲ್ಲ.

ಸೋರುತ್ತಿರುವುದು ಏನು?

ರಾತ್ರಿ ಕಾರಿನ ಅಡಿಗೆ ದೊಡ್ಡ ರಟ್ಟು ಹಾಸಿ, ಮುಂದಿನ ಚಕ್ರಗಳು ಎಲ್ಲಿವೆ ಎಂದು ಅದರ ಮೇಲೆ ಗುರುತು ಹಾಕಿ. ಬೆಳಿಗ್ಗೆ ಸಿಗುವುದು ಸೋರಿಕೆಯ ನಕ್ಷೆ.

- ಇಂಜಿನ್ ಆಯಿಲ್: ಕಂದು ಅಥವಾ ಕಪ್ಪು, ಬೆರಳಿಗೆ ಜಿಡ್ಡು.
- ಆಟೋಮ್ಯಾಟಿಕ್ ಗೇರ್ ಆಯಿಲ್: ಹೆಚ್ಚಾಗಿ ಕೆಂಪು, ಹಳತಾದರೆ ಕಂದು. ಪವರ್ ಸ್ಟೇರಿಂಗ್ ಆಯಿಲ್ ಕೂಡ ಕೆಂಪಿರಬಹುದು. ಬಿದ್ದ ಜಾಗ ನೋಡಿ ತಿಳಿಯಬೇಕು.
- ಕೂಲೆಂಟ್: ಹಸಿರು, ನೀಲಿ ಅಥವಾ ಗುಲಾಬಿ, ಸಿಹಿ ವಾಸನೆ. ಇದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ, ಬೆಕ್ಕು ನೆಕ್ಕುವ ಮೊದಲೇ ತೊಳೆದುಬಿಡಿ.
- ಬ್ರೇಕ್ ಆಯಿಲ್: ತಿಳಿ ಹಳದಿ. ಹೆಸರಿಗೆ ಆಯಿಲ್ ಆದರೂ ನೀರಿನಲ್ಲಿ ಬೆರೆಯುತ್ತದೆ. ಕಾರಿನ ಪೇಂಟ್ ಮೇಲೆ ಬಿದ್ದರೆ ಅದನ್ನು ತಿನ್ನುತ್ತದೆ.
- ಬರೀ ನೀರು: ಎ.ಸಿ. ಬಿಟ್ಟದ್ದು. ಚಿಂತೆ ಬೇಡ.

ಎಲ್ಲವೂ ಒಟ್ಟಿಗೇ ಏಕೆ?

ಕುಕ್ಕರಿನ ಗ್ಯಾಸ್ಕೆಟ್ ಹೊಸದರಲ್ಲಿ ಮೆತ್ತಗಿದ್ದು, ಬಿಸಿ ತಿಂದೂ ತಿಂದೂ ಗಡುಸಾಗಿ ಒಂದು ದಿನ ಆವಿ ಬಿಡಲು ತೊಡಗುತ್ತದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಓ ರಿಂಗ್, ಆಯಿಲ್ ಸೀಲ್‌ಗಳ ಗತಿಯೂ ಅದೇ. ಅವೆಲ್ಲ ಒಂದೇ ವರ್ಷ ಕಾರಿಗೆ ಬಂದವು, 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಆಯಿಲಿನಲ್ಲಿ ಒಂದೇ ಸಮ ಬೆಂದವು; ಮುಪ್ಪೂ ಹೆಚ್ಚುಕಡಿಮೆ ಜೊತೆಗೇ ಬರುತ್ತದೆ. ದುಬಾರಿ ಕಾರಿನಲ್ಲಿ ಸೋರಬಲ್ಲ ಸಂದುಗಳೂ ಹೆಚ್ಚು. 1999ರಲ್ಲಿ ಮರ್ಸಿಡಿಸ್ ಸಿಎಲ್ ಕಾರಿನಲ್ಲಿ ಬಂದ ಎಬಿಸಿ ಸಸ್ಪೆನ್ಷನ್ ಸುಮಾರು 200 ಬಾರ್ ಒತ್ತಡದ ಆಯಿಲಿನ ಮೇಲೆ ನಡೆಯುತ್ತದೆ. ಸಾಮಾನ್ಯ ಕಾರಿನಲ್ಲಿ ಆ ಪೈಪುಗಳೇ ಇಲ್ಲ.

ಎರಡು ಮೂರು ಕಡೆ ಒಮ್ಮೆಲೇ ಇಂಜಿನ್ ಆಯಿಲ್ ಜಿನುಗಿದರೆ ಮೊದಲು ಬ್ರೀದರ್ ನೋಡಿ. ಇಂಜಿನ್ನಿನ ಒಳಗಾಳಿಯನ್ನು ಹೊರಗೆ ಸಾಗಿಸುವ ಈ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಚೆನ್ನಾಗಿದ್ದ ಸೀಲ್‌ಗಳಿಂದಲೂ ಆಯಿಲ್ ಹೊರಬರುತ್ತದೆ. ಬ್ರೀದರ್ ಸರಿಪಡಿಸದೆ ಸೀಲ್ ಹಾಕಿಸಿದರೆ ಹೊಸ ಸೀಲೂ ಸೋರುತ್ತದೆ.

ತೊಳೆದು ನೋಡಿ, ಮೇಲಿನಿಂದ ನೋಡಿ

ವರ್ಷಗಳ ಜಿಡ್ಡು ಮೆತ್ತಿಕೊಂಡ ಇಂಜಿನ್ನಿನಲ್ಲಿ ಸೋರಿಕೆಯ ಮೂಲ ಸಿಗದು. ತಣ್ಣಗಿರುವಾಗ, ಎಲೆಕ್ಟ್ರಿಕ್ ಜೋಡಣೆಗಳಿಗೆ ಪ್ಲಾಸ್ಟಿಕ್ ಸುತ್ತಿ ತೊಳೆಯಿಸಿ. ಐವತ್ತು ಕಿಲೋಮೀಟರ್ ಓಡಿಸಿ, ಲಿಫ್ಟಿಗೆ ಏರಿಸಿ. ಒದ್ದೆಯಾದ ಅತಿ ಎತ್ತರದ ಜಾಗ ಯಾವುದು? ಹುಡುಕಾಟ ಅಲ್ಲಿಂದ ಶುರುವಾಗಲಿ. ಆಗಲೂ ಕಾಣದಿದ್ದರೆ ಆಯಿಲಿಗೆ ಹೊಳೆಯುವ ಬಣ್ಣ ಬೆರೆಸಿ, ನೇರಳಾತೀತ ದೀಪ ಹಿಡಿದು ಹುಡುಕುವ ಉಪಾಯವಿದೆ.

ಮೇಲಿನಿಂದ ಹುಡುಕಬೇಕು ಎಂಬುದಕ್ಕೆ ಒಳ್ಳೆಯ ಉದಾಹರಣೆ ಮರ್ಸಿಡಿಸ್‌ನ ಓಎಂ642 ಎಂಬ ವಿ6 ಡೀಸೆಲ್ ಇಂಜಿನ್. 2005ರಿಂದ ಇ-ಕ್ಲಾಸ್ ಸೇರಿದಂತೆ ಹಲವು ಕಾರುಗಳಿಗೆ ಬಂದ ಇದರಲ್ಲಿ ಆಯಿಲ್ ಕೂಲರ್ ಕೂತಿರುವುದು ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ, ಟರ್ಬೊ ಕೆಳಗೆ. ಅದರ ಸೀಲ್ ಗಡುಸಾದರೆ ಆಯಿಲ್ ಕಣಿವೆಯಲ್ಲಿ ತುಂಬಿ, ಇಂಜಿನ್ನಿನ ಹಿಂಬದಿಗೆ ಹರಿದು, ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡಿದವರು ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ ಎಂದು ಗೇರ್‌ಬಾಕ್ಸ್ ಇಳಿಸಿಬಿಡಬಹುದು. ತೂತು ಇರುವುದು ಮೇಲೆ.

ಇದಕ್ಕೊಂದು ಅಪವಾದವೂ ಉಂಟು. 1996ರಲ್ಲಿ ಬಂದ ಮರ್ಸಿಡಿಸ್‌ನ ಐದು ಗೇರಿನ 722.6 ಆಟೋಮ್ಯಾಟಿಕ್‌ನಲ್ಲಿ ವೈರು ಒಳಹೋಗುವ ಪ್ಲಗ್ಗಿನ ಓ ರಿಂಗ್ ಸವೆದರೆ, ಹಣತೆಯ ಬತ್ತಿ ಎಣ್ಣೆ ಹೀರುವಂತೆ ವೈರುಗಳು ಗೇರ್ ಆಯಿಲ್ ಹೀರಿ ಗೇರ್ ನಿಯಂತ್ರಿಸುವ ಕಂಪ್ಯೂಟರಿನವರೆಗೂ ಏರಿಸುತ್ತವೆ. ಇಲ್ಲಿ ಸೋರಿದ್ದು ಇಳಿಯದೆ ಹತ್ತುತ್ತದೆ.

ಯಾವುದು ಮೊದಲು?

ಕಲೆಯ ಗಾತ್ರ ನೋಡಿ ಸರದಿ ನಿಶ್ಚಯಿಸಬಾರದು. ಅಪಾಯ ನೋಡಿ ನಿಶ್ಚಯಿಸಬೇಕು. ಬ್ರೇಕ್ ಆಯಿಲ್ ಅಥವಾ ಪೆಟ್ರೋಲ್, ಡೀಸೆಲ್ ಸೋರುತ್ತಿದ್ದರೆ ಕಾರು ಓಡಿಸಬೇಡಿ. ಗ್ಯಾರೇಜಿಗೆ ಲಾರಿಯ ಮೇಲೆ ಏರಿಸಿಕೊಂಡೇ ಹೋಗಿ. ಕಾದ ಸೈಲೆನ್ಸರ್ ಪೈಪಿನ ಮೇಲೆ ತೊಟ್ಟಿಕ್ಕುವ ಆಯಿಲಿಗೂ ಇದೇ ದರ್ಜೆ. ಅದು ಬೆಂಕಿಗೆ ದಾರಿ. ಆಮೇಲೆ ಕೂಲೆಂಟ್: ಒಮ್ಮೆ ಅತಿಯಾಗಿ ಕಾದರೂ ಇಂಜಿನ್ನಿನ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು. ನಂತರ ಗೇರ್ ಮತ್ತು ಸ್ಟೇರಿಂಗ್ ಆಯಿಲ್. ಪ್ಯಾಕಿಂಗ್ ಸುತ್ತ ಬರೀ ಬೆವರಿದಂತಿರುವ ಇಂಜಿನ್ ಆಯಿಲ್ ಕೊನೆಗೆ. ಮಟ್ಟ ನೋಡುತ್ತ ಕೆಲ ತಿಂಗಳು ಕಾಯಬಹುದು. ಸೋರಿಕೆ ನಿಲ್ಲಿಸುತ್ತೇವೆಂದು ರೇಡಿಯೇಟರಿಗೆ ಸುರಿಯುವ ಡಬ್ಬಿ ಔಷಧಿ ಮಾತ್ರ ಬೇಡ. ಅದು ಸಣ್ಣ ನಾಳಗಳನ್ನೂ ಕಟ್ಟಿಬಿಡಬಲ್ಲದು.

ಇಂಥ ಕಾರಿನಲ್ಲಿ ಸೀಲಿನ ಬೆಲೆ ಕಡಿಮೆ, ಅದನ್ನು ಮುಟ್ಟಲು ಬಿಚ್ಚುವ ಕೂಲಿ ದುಬಾರಿ. ಓಎಂ642ರ ಕೂಲರ್ ಸೀಲಿಗೆ ಟರ್ಬೊ ತೆಗೆಯಲೇಬೇಕು. ಆದ್ದರಿಂದ ಒಮ್ಮೆ ಬಿಚ್ಚಿದಾಗ ಆ ದಾರಿಯಲ್ಲಿ ಸಿಗುವ ಹಳೆಯ ಪ್ಯಾಕಿಂಗ್, ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿಬಿಡಿ. ಕೆಲಸ ಮುಗಿದ ರಾತ್ರಿ ಹೊಸ ರಟ್ಟು ಹಾಸಿ, ತಾರೀಕು ಬರೆದು, ಹಳೆಯದರ ಪಕ್ಕಕ್ಕಿಡಿ.