ಕೋವಿ ಯಾರದು?

ನಾನು ಹುಟ್ಟಿ ಬೆಳೆದುದು ಹೂಡೆಯಲ್ಲಿ. ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸ್ವರ್ಣಾ ನದಿ. ಈ ಮರಳಿನ ನಾಡಿನಲ್ಲಿ ಹಳೆಯ ಆಯುಧವೆಂದರೆ ನನಗೆ ನೆನಪಾಗುವುದು ದೈವದ ಕಡ್ಸಲೆ. ಭಂಡಾರದ ಮನೆಯಲ್ಲಿರುವ ಆ ಖಡ್ಗವು ನೇಮದ ದಿನ ಹೊರಬಂದು, ನೇಮ ಮುಗಿದೊಡನೆ ಒಳಸೇರುತ್ತದೆ. ಅದು ಯಾರದೆಂದು ಕೇಳಿದರೆ ಊರಿನ ಮಕ್ಕಳೂ ‘ದೈವದ್ದು’ ಎಂದಾರು. ಆದುದರಿಂದ, ಕಾಲೇಜಿನಲ್ಲಿ ನನ್ನೊಡನೆ ಪಾಠ ಹೇಳುವ ಕೊಡವ ಮಿತ್ರರು ಕೈಲ್‌ಪೊಳ್ದ್ ಹಬ್ಬಕ್ಕೆ ತಮ್ಮ ಐನ್‌ಮನೆಗೆ ಕರೆದೊಯ್ದಾಗ, ಅಲ್ಲಿಯ ಆಯುಧಗಳ ಒಡೆತನ ಇಷ್ಟು ತೊಡಕಿನದಾಗಿರಬಹುದೆಂದು ನಾನು ಎಣಿಸಿರಲಿಲ್ಲ.

ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಹಬ್ಬವಿದು. ‘ಕೈಲ್’ ಎಂದರೆ ಆಯುಧ. ನೆಲ್ಲಕ್ಕಿ ನಡುಬಾಡೆಯೆಂಬ ನಡುಮನೆಯಲ್ಲಿ ತೂಗುದೀಪ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಬೆಳ್ಳಿಯ ಕಟ್ಟಿನ ಪೀಚೆಕತ್ತಿ, ಅಗಲವಾದ ಬಾಗಿದ ಅಲಗಿನ ಒಡಿಕತ್ತಿ, ಅದನ್ನು ಬೆನ್ನಿಗೆ ಸಿಕ್ಕಿಸಿಕೊಳ್ಳುವ ಹಿತ್ತಾಳೆಯ ತೋಡಂಗ್, ಇವುಗಳ ಪಕ್ಕದಲ್ಲಿ ಒಂದು ಹಳೆಯ ಕೋವಿ. ಕೋವಿಯ ಬಾಯಿಗೆ ಕೆಂಪು ಹಳದಿ ಬಣ್ಣದ ತೋಕ್‌ಪೂವನ್ನು ಸಿಕ್ಕಿಸಿದ್ದರು. ‘ತೋಕ್’ ಎಂದರೆ ಕೋವಿಯೇ. ಹೂವಿಗೇ ಕೋವಿಯ ಹೆಸರಿಟ್ಟ ನಾಡು! ಈ ನಾಡಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು ವಾಡಿಕೆ, ಸತ್ತರೆ ಎರಡು.

‘ಇದು ಯಾರದು?’ ಎಂದು ಕೇಳಿದೆ. ಮಿತ್ರರ ತಂದೆಯವರು, ಎಂಬತ್ತು ದಾಟಿದ ವೃದ್ಧರು, ನಕ್ಕು, ‘ಒಕ್ಕದ್ದು. ಕಾಗದದಲ್ಲಿ ಮಾತ್ರ ನನ್ನದು’ ಎಂದರು.

ಈ ಕಾಗದದ ಕಥೆ ದೊಡ್ಡದು. ಹಾಲೇರಿ ಅರಸರ ಕಾಲದಲ್ಲಿ ಕೊಡಗಿನ ಜಮ್ಮಾ ಭೂಮಿಯನ್ನು ಹೊಂದಿದವರು ಕರೆ ಬಂದಾಗ ಆಯುಧ ಹಿಡಿದು ಹೋಗಬೇಕಿತ್ತು. ಅದಕ್ಕೆ ಪ್ರತಿಯಾಗಿ ಸಾಗು ಭೂಮಿಯ ಅರ್ಧದಷ್ಟೇ ಕಂದಾಯ. ಹೊಲ ಮತ್ತು ಕತ್ತಿ ಒಂದೇ ಒಪ್ಪಂದದ ಎರಡು ಮುಖಗಳು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು, ಸುಳ್ಯ ಪುತ್ತೂರುಗಳನ್ನು ನಮ್ಮ ಕೆನರಾ ಜಿಲ್ಲೆಗೆ ಸೇರಿಸಿದರು. 1837ರಲ್ಲಿ ಅಲ್ಲಿ ದಂಗೆಯೆದ್ದವರು ಮಂಗಳೂರಿನವರೆಗೂ ಇಳಿದುಬಂದರು. ಆಗ ತಮ್ಮ ಪಕ್ಷದಲ್ಲಿ ನಿಂತ ಕೊಡಗಿನವರಿಗೆ ಕಂಪೆನಿ ಸರಕಾರ ಪದಕಗಳನ್ನು ಕೊಟ್ಟಿತು. 1857ರ ಸಂಗ್ರಾಮದ ನಂತರ ಜನರ ಕೈಯ ಆಯುಧ ಕಿತ್ತುಕೊಳ್ಳುವ ಕಾಯಿದೆ ಬಂದಿತಷ್ಟೆ. ಮೈಸೂರು ಕೊಡಗುಗಳ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ (ಬೆಂಗಳೂರಿನ ಉದ್ಯಾನಕ್ಕೆ ಹೆಸರು ಕೊಟ್ಟವನೇ) 1861ರಲ್ಲಿ ಕೊಡಗರಿಗೆ ಅದರಿಂದ ವಿನಾಯಿತಿಯಿತ್ತ. ಗೌರವದ ಮಾತೇನೋ ನಿಜ. ಆದರೆ ಹಿಂದೆ ಕರ್ತವ್ಯವಾಗಿದ್ದುದು ಅಂದಿನಿಂದ ಸರಕಾರದ ಕೃಪೆಯಾಯಿತೆಂಬುದನ್ನು ಮರೆಯಲಾಗದು.

ಸ್ವತಂತ್ರ ಭಾರತವೂ 1959ರ ಆಯುಧ ಕಾಯಿದೆಯ ಕೆಳಗೆ, 1963ರ ಪ್ರಕಟಣೆಯ ಮೂಲಕ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿಯನ್ನು ಉಳಿಸಿಕೊಟ್ಟಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು ಮತ್ತೆ ಹತ್ತು ವರ್ಷಗಳಿಗೆ, ಎಂದರೆ 2029ರವರೆಗೆ, ವಿಸ್ತರಿಸಿತು. ಸಮಾನತೆಗೆ ವಿರುದ್ಧವೆಂದು ಇದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತಳ್ಳಿಹಾಕಿತು. ಪರವಾನಗಿ ಬೇಡವೆಂದರೂ ವಿನಾಯಿತಿಪತ್ರ ಬೇಕು. ಅದರಲ್ಲಿ ಇರುವುದು ಒಬ್ಬ ವ್ಯಕ್ತಿಯ ಹೆಸರು, ಒಕ್ಕದ ಹೆಸರಲ್ಲ.

ತೊಡಕು ಇಲ್ಲಿಯೇ. ವೃದ್ಧರ ಕೈ ಈಗ ನಡುಗುತ್ತಿದೆ. ಹಿರಿಯ ಮಗ ಬೆಂಗಳೂರಿನಲ್ಲಿ. ನನ್ನ ಮಿತ್ರರು ಕಡಲತಡಿಯಲ್ಲಿ. ಕಿರಿಯವನು ಕಾಫಿತೋಟ ನೋಡಿಕೊಂಡು ಮನೆಯಲ್ಲಿದ್ದಾನೆ. ಹಿರಿತನ ನೋಡಬೇಕೆ, ಮನೆಯಲ್ಲಿರುವವನನ್ನು ನೋಡಬೇಕೆ? ಊಟಕ್ಕೆ ಕಡಂಬಿಟ್ಟು ಬಡಿಸುತ್ತಿದ್ದಾಗಲೂ ಅದೇ ಮಾತು. ಹಿರಿಯರು ದನಿಯೇರಿಸಲಿಲ್ಲ, ಆದರೆ ಹಿರಿಯ ಮಗ ಅರ್ಧ ಊಟಕ್ಕೇ ಕೈ ತೊಳೆದರು.

ಕತ್ತಿಗಳಿಗೆ ಇಂಥ ಕಾಗದವಿಲ್ಲ. ಅವುಗಳಿಗೆ ಬೇರೆಯ ಅಪಾಯ. ಹಳೆಯ ಸಾಮಾನು ಕೊಳ್ಳುವವರಿಗೆ ಒಡಿಕತ್ತಿ ಬೆಲೆಯುಳ್ಳ ವಸ್ತು. ಹೊರದೇಶದ ವಸ್ತುಸಂಗ್ರಹಾಲಯಗಳಲ್ಲಿಯೂ ಕೊಡಗಿನ ಒಡಿಕತ್ತಿಗಳಿವೆ. ‘ನಮ್ಮಲ್ಲಿ ಇನ್ನೊಂದಿತ್ತು’ ಎಂದರು ಮಿತ್ರರ ತಾಯಿ, ಗೋಡೆಯ ಬರಿಯ ಗೂಟವೊಂದನ್ನು ತೋರಿಸಿ. ಯಾರು ಮಾರಿದರೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಧ್ಯಾಹ್ನ ಮರದ ಕೊಂಬೆಗೆ ತೆಂಗಿನಕಾಯಿ ಕಟ್ಟಿ ಗುರಿಯಿಟ್ಟರು. ಹಿರಿಯ ಮಗನ ಗುರಿ ತಪ್ಪಿತು, ಮಿತ್ರರದೂ ತಪ್ಪಿತು. ಕಾಯಿ ಒಡೆದುದು ಕಿರಿಯವನ ಹದಿನೆಂಟರ ಮಗಳ ಗುಂಡಿಗೆ. ವೃದ್ಧರು ಕುರ್ಚಿಯಿಂದಲೇ, ‘ಕಾಗದಕ್ಕೆ ಇವಳ ಹೆಸರನ್ನೇ ಬರೆಯಿರಿ’ ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಮರುದಿನ ನಾವು ಘಟ್ಟವಿಳಿಯುವಾಗ, ಅರ್ಜಿಗೆ ಏನೇನು ದಾಖಲೆ ಬೇಕೆಂದು ವಿಚಾರಿಸಲು ಹಿರಿಯ ಮಗ ತಾವೇ ಮಡಿಕೇರಿಗೆ ಹೊರಟಿದ್ದರು.