ಸಣ್ಣ ಹೋಟೆಲಿಗೆ ಹೊಸ ವಿಚಾರ ಎಲ್ಲಿಂದ?

ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ಊರುಗಳಲ್ಲಿ ಹೋಟೆಲು ಎಂದರೆ ತಂಗುವ ಮನೆಯಲ್ಲ, ತಿನ್ನುವ ಮನೆ. ನಾಲ್ಕೈದು ಮೇಜು, ಒಂದು ಒಲೆ. ಬೆಳಗಿನಲ್ಲಿ ಒಲೆ ಹೊತ್ತಿಸುವವನೂ ಮಾಲಕನೇ, ಗಲ್ಲಾದ ಮೇಲೆ ಕೂಡ್ರುವವನೂ ಅವನೇ. ಎದುರಿಗೆ ಇನ್ನೊಂದು ಹೋಟೆಲು ತೆರೆಯಿತೆಂದರೆ ಗಿರಾಕಿಗಳು ಹಂಚಿಹೋಗುತ್ತಾರೆ. ಏನಾದರೂ ಹೊಸದನ್ನು ಮಾಡಬೇಕು. ಮಾಡಿದ್ದು ಖರ್ಚಾಗದಿದ್ದರೆ ಆ ದಿನದ ದುಡಿಮೆಯೇ ನೀರುಪಾಲು. ಹಾಗಾದರೆ ಹೊಸ ವಿಚಾರವನ್ನು ಅವನು ಎಲ್ಲಿ ಹುಡುಕಬೇಕು?

ಮೊದಲನೆಯ ಸ್ಥಳ ಮನೆಯ ಅಡಿಗೆಮನೆ. ಗೋಕಾಕದ ಕರದಂಟನ್ನೇ ನೋಡಿರಿ. ಬಾಣಂತಿಗೆ ಅಂಟಿನ ಉಂಡಿ ಕಟ್ಟಿಕೊಡುವುದು ನಮ್ಮಲ್ಲಿ ಹಳೆಯ ರೂಢಿ. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ—ಕರದಂಟಿನ ಸಾಮಗ್ರಿಯೂ ಬಹುಮಟ್ಟಿಗೆ ಇದೇ. ನೀರಿನಂಶ ಕಡಿಮೆಯಾದ್ದರಿಂದ ಅದು ಬೇಗ ಕೆಡುವುದಿಲ್ಲ. ಪ್ರವಾಸಿಯ ಚೀಲದಲ್ಲಿ ದೂರದೂರಿಗೂ ಹೋಗುತ್ತದೆ. ಮನೆಯಲ್ಲಿ ಬಾಣಂತಿಯ ತಿನಿಸು. ಪೇಟೆಯಲ್ಲಿ ಊರಿನ ಹೆಸರನ್ನೇ ಹೊತ್ತ ಮಿಠಾಯಿ.

ಎರಡನೆಯದು ಅಭಾವ. ಇದಕ್ಕೆ ಬೆಂಗಳೂರಿನ ಮಾವಳ್ಳಿ ಟಿಫನ್ ರೂಮಿನ ಉದಾಹರಣೆಯುಂಟು. 1924ರಲ್ಲಿ ಸಣ್ಣದಾಗಿಯೇ ಆರಂಭವಾದ ಹೋಟೆಲು ಅದು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದೆವೆಂದು ಆ ಹೋಟೆಲಿನವರು ಹೇಳುತ್ತಾರೆ. ಅಕ್ಕಿಯ ಕೊರತೆ ನೀಗಿತು. ರವೆ ಇಡ್ಲಿ ಮಾತ್ರ ಉಳಿಯಿತು.

ಹೊಸತನವೆಂದರೆ ಹೊಸ ತಿನಿಸೇ ಆಗಬೇಕೆಂದಿಲ್ಲ. ಅದೇ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿಬಂದರು. ಅಲ್ಲಿಂದ ಅವರು ಮುಖ್ಯವಾಗಿ ತಂದದ್ದು ಶುಚಿತ್ವದ ಪಾಠ. ಪಾತ್ರೆ ಲೋಟಗಳನ್ನು ಬಿಸಿ ಹಬೆಯಿಂದ ಶುದ್ಧಗೊಳಿಸುವ ಕ್ರಮವನ್ನು ತಮ್ಮಲ್ಲಿ ಜಾರಿಗೆ ತಂದರು. ಅಷ್ಟು ದೂರ ಹೋಗಲಾರದವನು ಪಕ್ಕದ ಊರಿನ ಹೋಟೆಲಿನಲ್ಲಿ ಕಣ್ತೆರೆದು ಒಂದು ಕಪ್ಪು ಚಹಾ ಕುಡಿದು ಬಂದರೂ ಸಾಕು.

ಮೂರನೆಯದು, ಗಿರಾಕಿ. ಸಂತೆಗೆ ಬಂದ ರೈತನಿಗೆ ಬೇಕಾದದ್ದು ಹೊಟ್ಟೆ ತುಂಬುವ ರೊಟ್ಟಿ ಪಲ್ಯ, ಅದೂ ಬೇಗನೆ. ಮಳೆಗಾಲದಲ್ಲಿ ಘಟಪ್ರಭೆ ಸುಮಾರು 170 ಅಡಿ ಕೆಳಗೆ ಧುಮುಕುವುದನ್ನು ನೋಡಿ, ತೊಯ್ದು ಬಂದವನಿಗೆ ಬಿಸಿ ಮೆಣಸಿನಕಾಯಿ ಭಜಿಯೇ ಅಮೃತ. ಯಾರು, ಯಾವ ಹೊತ್ತಿಗೆ, ಏನು ಕೇಳಿ ಸಿಗದೆ ಹಿಂದಿರುಗಿದರು, ತಟ್ಟೆಯಲ್ಲಿ ಏನು ಉಳಿಯಿತು—ಇಷ್ಟನ್ನು ರಾತ್ರಿ ಲೆಕ್ಕದ ವಹಿಯಲ್ಲಿ ಎರಡು ಸಾಲು ಬರೆದಿಟ್ಟರೆ, ತಿಂಗಳೊಪ್ಪತ್ತಿನಲ್ಲಿ ಮುಂದಿನ ದಾರಿ ತಾನಾಗಿ ಕಾಣುತ್ತದೆ.

ಆದರೆ ಎಚ್ಚರಿಕೆಯೂ ಬೇಕು. ಹೊಸ ಪದಾರ್ಥವನ್ನು ವಾರಕ್ಕೊಮ್ಮೆ, ಒಂದೇ ಕಿಲೋ ಹಿಟ್ಟಿನಲ್ಲಿ ಮಾಡಿ ನೋಡಬೇಕು. ಎಣ್ಣೆ, ಉರುವಲು, ಆಳಿನ ದುಡಿಮೆ ಎಲ್ಲವನ್ನೂ ಹಿಡಿದು ಬೆಲೆ ಕಟ್ಟಬೇಕು. ನಾಲ್ಕು ವಾರ ಗಿರಾಕಿ ತಾನಾಗಿ ಕೇಳಿ ತಿಂದರೆ ಮುಂದುವರಿಸುವುದು, ಇಲ್ಲವೆ ಕೈಬಿಡುವುದು. ಹಳೆಯ ತಿನಿಸಿನ ರುಚಿ ಮಾತ್ರ ಈ ಗಡಿಬಿಡಿಯಲ್ಲಿ ಕೆಡಬಾರದು. ಅಂಗಡಿಯ ಬಾಡಿಗೆ ಹುಟ್ಟುವುದು ಅದರಿಂದಲೇ.

ಇದರಲ್ಲಿ ತಿನ್ನುವವರ ಪಾಲೂ ಉಂಟು. ರುಚಿಸಲಿಲ್ಲವೆಂದು ಸುಮ್ಮನೆ ಎದ್ದುಹೋಗುವ ಗಿರಾಕಿಯಿಂದ ಮಾಲಕನಿಗೆ ಏನೂ ತಿಳಿಯುವುದಿಲ್ಲ. “ಉಪ್ಪು ತುಸು ಹೆಚ್ಚಾಗೇದರೀ” ಎಂದು ಹೇಳಿ ಹೋಗುವವನೇ ಅವನ ನಿಜವಾದ ಹಿತೈಷಿ.