ಮೂರು ಬಾರಿ ಹೇಳಿದ ಮಾತು

2010ರ ಮೇ 22, ಬೆಳಿಗ್ಗೆ ಆರರ ಹೊತ್ತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಇಳಿಯುತ್ತಿತ್ತು. ಇರಬೇಕಾದ ಎತ್ತರಕ್ಕಿಂತ ಅದು ತುಂಬ ಮೇಲಿತ್ತು. ಸಹಪೈಲಟ್ ‘ಗೋ ಅರೌಂಡ್’ ಎಂದರು. ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತಿ ಬರೋಣ ಎಂದು ಅದರರ್ಥ. ಹೀಗೆ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಸಿದರು ಎನ್ನುತ್ತದೆ ತನಿಖಾ ವರದಿ. ರನ್‌ವೇ ದಾಟಿ ಕಣಿವೆಗೆ ಬಿದ್ದ ವಿಮಾನದಲ್ಲಿದ್ದ 166 ಮಂದಿಯಲ್ಲಿ ಬದುಕಿ ಬಂದವರು ಎಂಟೇ ಜನ.

ದಾರಿಯಲ್ಲಿ ಬಹುಹೊತ್ತು ನಿದ್ದೆ ಮಾಡಿದ್ದ ಕ್ಯಾಪ್ಟನ್‌ಗೆ ಮಂಪರು ಪೂರ್ತಿ ಬಿಟ್ಟಿರಲಿಕ್ಕಿಲ್ಲ ಎಂದೂ ವರದಿ ಗುರುತಿಸಿದೆ. ಆದರೆ ಪಕ್ಕದವರ ಮಾತು ತಲೆಗೆ ಹೋಗದಿರಲು ನಿದ್ದೆಗಣ್ಣೇ ಬೇಕೆಂದಿಲ್ಲ. ಲಂಡನ್ನಿನ ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪರದೆಯ ಮೇಲೆ ಕಠಿಣ ಕೆಲಸದಲ್ಲಿ ಕಣ್ಣು ನೆಟ್ಟವರಿಗೆ ಹೆಡ್‌ಫೋನಿನಲ್ಲಿ ಒಂದು ಸದ್ದು ಕೇಳಿಸಲಾಯಿತು. ಹೆಚ್ಚಿನವರಿಗೆ ಸದ್ದು ಬಂದದ್ದೇ ತಿಳಿಯಲಿಲ್ಲ. ಕಿವಿ ನೆಟ್ಟಗಿತ್ತು, ಗಮನ ಖಾಲಿಯಾಗಿತ್ತು.

ಮಾತುಕತೆಗೇ ಇನ್ನೊಂದು ತೊಡಕಿದೆ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬರ ಮಾತು ಮುಗಿದು ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಒಂದೇ ಒಂದು ಪದವನ್ನು ಹುಡುಕಿ ಬಾಯಿಗೆ ತರಲು ಮಿದುಳಿಗೆ ಇದರ ಸುಮಾರು ಮೂರರಷ್ಟು ಸಮಯ ಬೇಕು. ಅಂದರೆ ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ಉತ್ತರ ಕಟ್ಟಲು ಕೂತಿರುತ್ತೇವೆ. ಉತ್ತರ ಕೊಡುವುದೇ ತನ್ನ ಕೆಲಸ ಎಂದುಕೊಂಡ ಮೇಲಧಿಕಾರಿಗೆ ಈ ಆತುರ ಇನ್ನೂ ಹೆಚ್ಚು.

ಇತ್ತ ಹೇಳುವವರು ಅನೇಕ ಸಲ ಬಾಯಿ ಬಿಟ್ಟು ಹೇಳುವುದೂ ಇಲ್ಲ. ‘ಸರ್, ಆ ಲೆಕ್ಕ ಇನ್ನೊಂದ್ಸಲ ನೋಡಿದ್ರೆ ಒಳ್ಳೇದೇನೋ...’ ಎಂದು ಕಿರಿಯ ನೌಕರ ಬಾಗಿಲಲ್ಲೇ ನಿಂತು ರಾಗ ಎಳೆದರೆ, ಲೆಕ್ಕ ತಪ್ಪಿದೆ ಎಂದೇ ಅರ್ಥ. ‘ನೋಡೋಣ ಬಿಡಪ್ಪ’ ಎಂದು ಮೇಲಧಿಕಾರಿ ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದರೆ ಮುಂದಿನ ಸಲ ಆತ ಬಾಗಿಲವರೆಗೂ ಬರುವುದಿಲ್ಲ.

1978ರ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಆದದ್ದೂ ಇದೇ. ಯುನೈಟೆಡ್ 173 ವಿಮಾನದ ಚಕ್ರಗಳು ಸರಿಯಾಗಿ ಇಳಿದಿವೆಯೇ ಎಂಬ ಅನುಮಾನದಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತಿದರು. ಇಂಧನ ಇಳಿಯುತ್ತಿದೆ ಎಂದು ಜೊತೆಯವರು ಸೂಚಿಸಿದರೂ ಕ್ಯಾಪ್ಟನ್ ಮನಸ್ಸು ಚಕ್ರ ಬಿಟ್ಟು ಕದಲಲಿಲ್ಲ. ಟ್ಯಾಂಕ್ ಬರಿದಾಗಿ ವಿಮಾನ ಬಿತ್ತು, ಹತ್ತು ಜನ ಸತ್ತರು. ಇಂಥ ಅಪಘಾತಗಳಿಂದ ಪಾಠ ಕಲಿತ ಯುನೈಟೆಡ್ ವಿಮಾನ ಸಂಸ್ಥೆ 1981ರಲ್ಲಿ ಹೊಸ ತರಬೇತಿ ತಂದಿತು. ಕಿರಿಯರು ಅಂಜದೆ ಹೇಳಬೇಕು, ಹಿರಿಯರು ಕೇಳಿ ತೂಗಿ ನೋಡಬೇಕು.

ಅದರ ಫಲ 1989ರ ಜುಲೈನಲ್ಲಿ ಕಂಡಿತು. ಯುನೈಟೆಡ್ 232ರ ಬಾಲದ ಎಂಜಿನ್ ಸಿಡಿದು, ವಿಮಾನವನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆಗಳು ಮೂರಕ್ಕೆ ಮೂರೂ ಕೈಕೊಟ್ಟವು. ಕ್ಯಾಪ್ಟನ್ ಆಲ್ ಹೇನ್ಸ್ ಮೂವತ್ತು ವರ್ಷಕ್ಕೂ ಮೀರಿದ ಅನುಭವಿ. ಆದರೂ ಪ್ರಯಾಣಿಕರಾಗಿ ಕೂತಿದ್ದ ತರಬೇತುದಾರ ಪೈಲಟ್ ಡೆನಿಸ್ ಫಿಚ್ ಸಹಾಯಕ್ಕೆ ಬಂದಾಗ ಕಾಕ್‌ಪಿಟ್‌ಗೆ ಕರೆದುಕೊಂಡರು, ಥ್ರಾಟಲ್ ಕೈಗೆ ಕೊಟ್ಟರು. ಉಳಿದ ಎರಡು ಎಂಜಿನ್‌ಗಳ ವೇಗ ಹೆಚ್ಚುಕಡಿಮೆ ಮಾಡುತ್ತಲೇ ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಸೇರಿ ವಿಮಾನವನ್ನು ಅಮೆರಿಕದ ಸೂ ಸಿಟಿಯವರೆಗೆ ತಂದರು. ವಿಮಾನ ನೆಲಕ್ಕಪ್ಪಳಿಸಿ ಒಡೆದರೂ 296 ಜನರಲ್ಲಿ 184 ಮಂದಿ ಉಳಿದರು. ಇದಕ್ಕೆ ಆ ತರಬೇತಿಯೂ ಒಂದು ಮುಖ್ಯ ಕಾರಣ ಎಂದು ಹೇನ್ಸ್ ಕೊನೆಯವರೆಗೂ ಹೇಳುತ್ತಿದ್ದರು.

ಕಚೇರಿಯಲ್ಲೂ ಇದನ್ನು ರೂಢಿಸಿಕೊಳ್ಳಬಹುದು. ಸಭೆಯಲ್ಲಿ ತಂಡದ ಮುಖ್ಯಸ್ಥರು ಕೊನೆಗೆ ಮಾತಾಡಲಿ. ಯಾರಾದರೂ ಬಂದಾಗ ಕೈಯಲ್ಲಿನ ಕೆಲಸ ಕೆಳಗಿಡಲಿ. ‘ನೀವು ಹೇಳಿದ್ದು ಇದು ತಾನೇ?’ ಎಂದು ಒಮ್ಮೆ ತಿರುಗಿ ಹೇಳಿ ನೋಡಲಿ. ಒಪ್ಪಲೇಬೇಕೆಂದಿಲ್ಲ. ಆದರೆ ಕಿರಿಯರು ಅದೇ ಮಾತನ್ನು ಎರಡನೇ ಬಾರಿ ಹೇಳಬೇಕಾಗಿ ಬಂದರೆ, ತಪ್ಪು ಎಲ್ಲಿದೆ ಎಂದು ಮೊದಲು ತಮ್ಮಲ್ಲೇ ಹುಡುಕಲಿ.